ಹಕ್ಕಿಗೆಂದು ಹಚ್ಚಿದ ಬೇಲಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಯಾವ ಗಿಡ ಯಾವ ವರ್ಷ ನೆಟ್ಟದ್ದು, ಹಿತ್ತಲಿಗೆ ಮೊದಲು ಬಂದ ಹಕ್ಕಿ ಸೂರಕ್ಕಿಯೋ ಪಿಕಳಾರವೋ, ಕಾಕಾ ಆ ದಿನ ಬೇಲಿಯ ಮುಂದೆ ನಿಂತು ಏನಾದರೂ ಅಂದರೋ ಇಲ್ಲವೋ, ಇವೆಲ್ಲ ನನ್ನಲ್ಲಿ ಒಂದೊಂದು ಸಲ ಒಂದೊಂದು ಥರ ಇವೆ. ಧಾರವಾಡದಲ್ಲಿ ಇತಿಹಾಸ ಓದುವಾಗ, ಯಾರೇ ಸಾಕ್ಷಿ ಹೇಳಿದರೂ ಆ ಸಾಕ್ಷಿಯಿಂದ ಅವರಿಗೇನು ಲಾಭ ಎಂದು ಮೊದಲು ವಿಚಾರಿಸಬೇಕೆಂದು ಕಲಿತಿದ್ದೆ. ಅದನ್ನು ನನ್ನನ್ನೇ ಕೇಳಿಕೊಂಡು ಬರೆಯುತ್ತಿದ್ದೇನೆ. ದಿನಚರಿ ಬರೆಯುವ ರೂಢಿಯೇನೋ ಇದೆ, ಉಪಯೋಗವಾಗಿಲ್ಲ. ಬೇಲಿ ನೆಟ್ಟ ದಿನ ಬರೆದದ್ದು ಇಷ್ಟೇ: "ಕವಳಿ ಹಚ್ಚಿದೆ. ಬೆನ್ನು ನೋವು."

ನಮ್ಮ ಮನೆ ಮೂಡಲಗಿಯ ಹಳೆಯ ಊರೊಳಗಿದೆ. ಹಿಂದೆ ಒಂದು ಹಿತ್ತಲು. ಮೊದಲು ಅಲ್ಲಿ ಎಮ್ಮೆ ಕಟ್ಟುತ್ತಿದ್ದರು, ಎಳೆಯ ಕುರಿಮರಿಗಳನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದರು. ಆ ಜಾಗ ಅಪ್ಪನಿಗೂ ಅವರ ತಮ್ಮನಿಗೂ, ಅಂದರೆ ನನ್ನ ಕಾಕಾನಿಗೂ, ಸೇರಿದ್ದು. ಕಾಕಾ ಬಹಳ ಹಿಂದೆಯೇ ಕಾಕಿಯ ತವರಿನ ಹೊಲ ನೋಡಿಕೊಳ್ಳಲು ಹುಕ್ಕೇರಿಗೆ ಹೋಗಿ ಅಲ್ಲಿಯವರೇ ಆದರು. ಹಿತ್ತಲಿನ ಪಾಲು ಬಾಯಿಮಾತಿನಲ್ಲೇ ಆಯಿತು. ಹೊಲಕ್ಕಾದರೆ ಸರಪಳಿ ಹಿಡಿದು ಅಳೆದು, ಮೋಜಣಿ ಮಾಡಿ ಕಲ್ಲು ನೆಡುತ್ತಾರೆ. ಊರೊಳಗಿನ ಹಿತ್ತಲಿಗೆ ಯಾರೂ ನೆಡಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದು ಮುಂಜಾನೆ ಅಲ್ಲಿ ಅಡ್ಡಾಡಿ, ಇಲ್ಲಿಯವರೆಗೆ ನಂದು, ಆಚೆ ನಿಂದು ಎಂದು ಮಾತಾಡಿಕೊಂಡರು. ನಾನು ಆಗ ಅಲ್ಲಿದ್ದೆ. ಇದ್ದೆ ಎಂದುಕೊಂಡಿದ್ದೇನೆ.

ಅಪ್ಪ ತೀರಿದ ಮೇಲೆ ಮನೆಯಲ್ಲಿ ನಾನು ಮತ್ತು ಅವ್ವ. ನಾನು ಗೋಕಾಕದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ದಿನಾ ಬಸ್ಸು. ಕಿಟಕಿಯಾಚೆ ಅರಭಾವಿ ಬರುವವರೆಗೂ ಕಬ್ಬು, ದಾಟಿದ ಮೇಲೂ ಕಬ್ಬು. ಕಟಾವು ಮುಗಿದ ಹೊಲಗಳಲ್ಲಿ ಉಳಿದ ಒಣ ಎಲೆಗೆ, ರವದಿಗೆ, ಬೆಂಕಿ ಹಚ್ಚುತ್ತಾರೆ. ಕರಿಯ ಚೂರುಗಳು ಹಾರಿ ಬಂದು ಬಸ್ಸಿನೊಳಗೆ ಸೀರೆಯ ಮೇಲೆ ಕೂರುತ್ತವೆ. ಆ ರವದಿಯಲ್ಲಿ ಏನೇನು ಗೂಡು ಕಟ್ಟಿತ್ತೋ ಯಾರೂ ನೋಡಿರುವುದಿಲ್ಲ.

ನಾನು ಸಣ್ಣವಳಿದ್ದಾಗ ಅದೇ ಕಡೆ ಜೋಳವಿತ್ತು. ತೆನೆ ಹಾಲುಗಟ್ಟುವ ಹೊತ್ತಿಗೆ ಹಕ್ಕಿ ಕಾಯಲು ಹೊಲದ ನಡುವೆ ಅಟ್ಟ ಕಟ್ಟುತ್ತಿದ್ದರು. ಕಾಕಾ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದರು, ನಾನು ಡಬ್ಬಿ ಬಡಿಯುತ್ತಿದ್ದೆ. ಗಿಳಿ, ಗುಬ್ಬಿ, ಗೀಜಗ, ರಾಟವಾಳ, ಯಾವ ಹಿಂಡು ಎದ್ದರೂ ಕಾಕಾ ಹೆಸರು ಹೇಳಿಯೇ ಕಲ್ಲು ಬೀಸುತ್ತಿದ್ದರು. ಕಲ್ಲು ಹಿಂಡಿನ ಮೇಲಿಂದ ಹಾದು ಹೋಗುತ್ತಿತ್ತು, ಒಂದಕ್ಕೂ ತಾಗುತ್ತಿರಲಿಲ್ಲ. ಬೇಕೆಂದೇ ಹಾಗೆ ಬೀಸುತ್ತಾರೆ ಎಂದು ಬಹಳ ವರ್ಷ ನಂಬಿದ್ದೆ. ಗುರಿಯೇ ತಪ್ಪುತ್ತಿತ್ತೇನೋ. ಒಟ್ಟಿನಲ್ಲಿ ನನಗೆ ಗೊತ್ತಿರುವ ಹಕ್ಕಿಗಳ ಹೆಸರೆಲ್ಲ ಹಕ್ಕಿ ಓಡಿಸುವಾಗ ಕಲಿತದ್ದು.

ಹಿತ್ತಲಿಗೆ ಹಕ್ಕಿ ಕರೆಯಬೇಕೆಂಬ ಹುಚ್ಚು ಯಾವಾಗ ಹತ್ತಿತೆಂದು ಖಚಿತವಾಗಿ ಹೇಳಲಾರೆ. ಒಂದು ಮುಂಜಾನೆ ಎದ್ದಾಗ ಕಾಗೆ, ಪಾರಿವಾಳ ಬಿಟ್ಟು ಬೇರೆ ಯಾವ ದನಿಯೂ ಇಲ್ಲ ಎಂಬುದು ಗಮನಕ್ಕೆ ಬಂತು. ಅದು ಎಷ್ಟು ದಿನದಿಂದ ಹಾಗಿತ್ತೋ. ಎಮ್ಮೆ ನೀರು ಕುಡಿಯುತ್ತಿದ್ದ ಕಲ್ಲಿನ ದೋಣಿಯನ್ನು ಉಜ್ಜಿ, ಸಣ್ಣ ಹಕ್ಕಿ ಮುಳುಗದಂತೆ ಒಳಗೆ ಹೆಂಚಿನ ಚೂರು ಹಾಕಿ ನೀರು ತುಂಬಿಸಿದೆ. ಗೋಡೆಯ ಬದಿಗೆ ದಾಸವಾಳ, ಮೂಲೆಗೆ ಪೇರಲ, ನಡುವೆ ನಾಲ್ಕು ಸಾಲು ಜೋಳ. ಇಲಿಗೆ ವಿಷ ಇಡುವುದನ್ನು ನಿಲ್ಲಿಸಿದೆ. ಉದುರಿದ ಎಲೆಯನ್ನು ಗುಡಿಸಬೇಡ, ಅದರಡಿ ಹುಳ ಇರುತ್ತವೆ, ಹಕ್ಕಿಗೆ ಬೇಕು ಎಂದು ಅವ್ವನಿಗೆ ಹೇಳಿದೆ.

"ಕಸಾ ಹೊಡಿಬ್ಯಾಡ ಅಂತಿ. ಹುಳಾ ಬೆಳಸು ಅಂತಿ. ನಾಳಿ ಮಂದಿ ಬಂದ್ರ ಏನಂತ ಹೇಳ್ಲೆ, ನನ್ನ ಮಗಳು ಎಂ.ಎ. ಮಾಡಿ ಕಸಾ ಕಾಯಾಕತ್ತಾಳ ಅಂತೇನ?" ಎಂದಳು ಅವ್ವ. ಮತ್ತೆ ತಾನೇ, "ನಿಮ್ಮಪ್ಪ, ನಿಮ್ಮ ಕಾಕಾ ಜನ್ಮಪೂರ್ತಿ ಹಕ್ಕಿ ಓಡಿಸಿದ್ರು. ನೀ ಕರದು ಉಣ್ಣಾಕ ನೀಡು" ಎಂದು ನಕ್ಕಳು. ಪೊರಕೆಯನ್ನು ಮಾತ್ರ ಕೈಯಿಂದ ಬಿಡಲಿಲ್ಲ. ನಾನು ಬಸ್ಸು ಹತ್ತಿದ ಮೇಲೆ ಹಿತ್ತಲು ಸ್ವಚ್ಛವಾಗುತ್ತಿತ್ತು.

ಒಂದು ವರ್ಷ ಏನೂ ಬರಲಿಲ್ಲ. ಎರಡನೆಯ ವರ್ಷ ದಾಸವಾಳಕ್ಕೆ ಸೂರಕ್ಕಿ ಬಂದು ಹೋಯಿತು. ಜೋಳದ ತೆನೆಯನ್ನು ಇಲಿ ತಿಂದವು. ಒಂದು ಬೆಳವ ದೋಣಿಯಲ್ಲಿ ನೀರು ಕುಡಿಯುತ್ತಿದ್ದಾಗ ಪಕ್ಕದ ಮನೆಯ ಬೆಕ್ಕು ಹಿಡಿದುಕೊಂಡು ಹೋಯಿತು. ಕಾಳು, ನೀರು ಇಟ್ಟು ಕರೆದು ಬೆಕ್ಕಿನ ಬಾಯಿಗೆ ಕೊಟ್ಟಂತಾಯಿತಲ್ಲ ಎಂದು ಸಂಕಟವಾಯಿತು. ಹಕ್ಕಿಗೆ ಮೊದಲು ಬೇಕಾದದ್ದು ಓಡಿಹೋಗಿ ಅಡಗುವ ಜಾಗ, ಅದೂ ಮುಳ್ಳಿರುವ ಜಾಗ ಎಂಬುದು ಆಗ ತಿಳಿಯಿತು. ನಮ್ಮ ಕಡೆ ಗುಡ್ಡದಲ್ಲಿ ಕವಳಿಯ ಕಂಟಿ ಬೆಳೆಯುತ್ತದೆ. ಒತ್ತಾದ ಮುಳ್ಳು, ಕರಿಯ ಸಿಹಿ ಹಣ್ಣು. ಅರಭಾವಿಯ ರಸ್ತೆಬದಿಯ ನರ್ಸರಿಯಲ್ಲಿ ಸಸಿ ಸಿಕ್ಕವು. ಚೀಲದಲ್ಲಿ ತುಂಬಿ ಬಸ್ಸಿಗೆ ಹತ್ತಿಸಿದಾಗ ಕಂಡಕ್ಟರ್, "ಅಕ್ಕಾರ, ಇದರ ಬಾಜೂ ಯಾರ ಕೂಡ್ರತಾರ್ರಿ? ಮುಳ್ಳಿಗೂ ಒಂದ ಸೀಟ್ ಹಿಡೀರಿ" ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.

ಹಿತ್ತಲಿನ ನಡುವೆ, ಬಿಸಿಲು ಚೆನ್ನಾಗಿ ಬೀಳುವ ಕಡೆ, ಸಾಲಾಗಿ ನೆಟ್ಟೆ. ನೀರಿನ ಪೈಪನ್ನು ನೇರ ಎಳೆಯುವುದು ಸುಲಭವೆಂದು ಸಾಲೂ ನೇರವಾಯಿತು. ಅಪ್ಪ, ಕಾಕಾ ಮಾತಾಡಿಕೊಂಡ ಗೆರೆ ಇದೇ, ನಾನು ಈಚೆಯೇ ಇದ್ದೇನೆ ಎಂದುಕೊಂಡಿದ್ದೆ. ಬೇವಿನ ಮರದಿಂದ ಬಚ್ಚಲಿನ ಮೂಲೆಗೆ ಎಂದು ನನ್ನ ನೆನಪು. ಅವ್ವನ ನೆನಪಿನಲ್ಲಿ ಅದು ಬೇವಿನಿಂದ ಒಗೆಯುವ ಕಲ್ಲಿಗೆ. ಎರಡರ ನಡುವೆ ಒಂದು ಆಳು ಮಲಗುವಷ್ಟು ವ್ಯತ್ಯಾಸವಿದೆ. ಅವ್ವನದು ಸರಿಯಾದರೆ ಅಷ್ಟು ಜಾಗ ಕಾಕಾನ ಪಾಲಿನದು. ನಾನು ಸುಳ್ಳು ಹೇಳುತ್ತಿಲ್ಲ. ಆದರೆ ಬಿಸಿಲಿದ್ದ ಕಡೆಗೆ ನನ್ನ ನೆನಪೂ ಸರಿದಿತ್ತೇ ಎಂದು ಕೇಳಿದರೆ, ಇಲ್ಲ ಎಂದು ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾಲಿನ ಗಡಿಯಲ್ಲಿ ಏನೇ ನೆಡುವುದಿದ್ದರೂ ಎರಡೂ ಮನೆಯವರು ಬಂದು ನಿಲ್ಲಬೇಕು, ಕಾಯಿ ಒಡೆಯಬೇಕು, ಮೊದಲ ಗುಂಡಿಗೆ ಇಬ್ಬರೂ ಮಣ್ಣು ಹಾಕಬೇಕು. ಒಬ್ಬರೇ ಹಚ್ಚಿದ ಬೇಲಿಗೆ ನೋಡಿದವರು ಒಂದೇ ಅರ್ಥ ಮಾಡುತ್ತಾರೆ, ಜಾಗ ಹೊಡೆಯಲು ಹಚ್ಚಿದ್ದು ಎಂದು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ಕಣ್ಣಿಗೆ ಅದು ಬೇಲಿಯಾಗಿ ಕಾಣಲೇ ಇಲ್ಲ, ಹಕ್ಕಿ ಅಡಗುವ ಪೊದೆಯಾಗಿ ಕಂಡಿತು. ನಿಮ್ಮ ಕಾಕಾಗ ಒಂದು ಮಾತು ಹೇಳು ಎಂದು ಆಗಲೇ ಹೇಳಿದ್ದೆ ಎಂದು ಅವ್ವ ಈಗ ಅನ್ನುತ್ತಾಳೆ. ಹೇಳಿದ್ದು ನನಗೆ ನೆನಪಿಲ್ಲ. ಹೇಳದೆ ಇದ್ದದ್ದೂ ನೆನಪಿಲ್ಲ.

ಕವಳಿ ಎದೆಯೆತ್ತರ ಬಂದ ವರ್ಷ ಅದರೊಳಗೆ ಪಿಕಳಾರ ಗೂಡು ಕಟ್ಟಿತು. ಬಟ್ಟಲಿನಂಥ ಗೂಡು, ಅದರಲ್ಲಿ ಅವ್ವನ ಕೂದಲೂ ಒಂದೆರಡು ಇದ್ದವು. ಅವ್ವ ದಿನಾ ತಲೆ ಬಾಚಿ ಕೂದಲು ಸುತ್ತಿ ಹಿತ್ತಲಿಗೆ ಎಸೆಯುತ್ತಿದ್ದಳು. ಅದನ್ನು ತೋರಿಸಿದಾಗ, "ನನ್ನ ಬಿಳೇ ಕೂದ್ಲಾನೂ ಉಪಯೋಗಕ್ಕ ಬಂತ ನೋಡು" ಎಂದು ಬಹಳ ಹೊತ್ತು ಅಲ್ಲೇ ಕೂತಳು. ಆ ದಿನದಿಂದ ಗುಡಿಸುವುದನ್ನು ಬಿಟ್ಟಳು. ಅಷ್ಟು ವರ್ಷಗಳಲ್ಲಿ ಅದೊಂದೇ ನಾನು ಅಂದುಕೊಂಡಂತೆ ಆದದ್ದು.

ಅದೇ ವರ್ಷ ಬೇಸಿಗೆಯ ಕೊನೆಗೆ ಕಾಕಾ ಬಂದರು. ಮೂಡಲಗಿ ತಾಲೂಕು ಆದ ಮೇಲೆ ಊರೊಳಗಿನ ಜಾಗಕ್ಕೆ ಬೇಡಿಕೆ ಬಂದಿತ್ತು. ಕಾಕಾನ ಮಗ ತಮ್ಮ ಪಾಲಿನಲ್ಲಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬೇಕೆಂದಿದ್ದ. ಅದಕ್ಕೆ ಜಾಗ ನೋಡಲು ಬಂದಿದ್ದರು. ನಾನು ಖುಷಿಯಿಂದ ಕಾಕಾನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಗೂಡು ತೋರಿಸಬೇಕಿತ್ತು. ಕಾಕಾ ಬೇಲಿಯ ಈ ತುದಿಯಿಂದ ಆ ತುದಿಗೆ ನೋಡಿದರು. ಮತ್ತೆ ಆ ತುದಿಯಿಂದ ಈ ತುದಿಗೆ. ಗೂಡಿನ ಕಡೆ ನೋಡಲಿಲ್ಲ.

"ಯಾವಾಗ ಹಚ್ಚಿದಿ ತಂಗಿ ಇದನ್ನ?"

"ಮೂರ ವರ್ಷ ಆತ ನೋಡ್ರಿ ಕಾಕಾ. ಹಕ್ಕಿ ಬರಲಿ ಅಂತ. ಒಳಗ ಗೂಡ ಐತಿ, ಇಲ್ಲಿ ಬಗ್ಗಿ ನೋಡ್ರಿ."

"ಚಲೋ ಬಂದೈತಿ" ಎಂದರು. ಹೀಗೆಂದರು ಎಂದೇ ನನ್ನ ನೆನಪು. ಅವರು ಏನೂ ಅನ್ನಲಿಲ್ಲ ಎಂದು ಅವ್ವ ಹೇಳುತ್ತಾಳೆ. ಚಹಾ ಕುಡಿಯದೆ ಹೋದರು ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ನಮ್ಮ ಮನೆಯಿಂದ ಕಾಕಾ ಚಹಾ ಕುಡಿಯದೆ ಎಂದೂ ಹೋದವರಲ್ಲ.

ಎರಡು ದಿನ ಬಿಟ್ಟು ಕಾಕಾನ ಮಗ ಫೋನು ಮಾಡಿದ. ನನಗಿಂತ ಸಣ್ಣವನು, ಹಗುರ ಮಾತಿನವನು.

"ಅಕ್ಕಾ, ಹಕ್ಕಿ ಹೆಸರ್ಲೆ ಜಾಗಾ ಹಿಡಿಯೋದು ಎಲ್ಲಿ ಕಲ್ತಿ? ನಾವು ಕಂಬಾ ನೆಟ್ಟು ತಂತಿ ಎಳಿಬೇಕಂತಿದ್ವಿ. ನೀ ಮುಳ್ಳಿಂದ ಕೆಲಸಾ ಮುಗಿಸಿಬಿಟ್ಟಿ."

"ಏ, ಚ್ಯಾಷ್ಟಿ ಮಾಡಬ್ಯಾಡೋ" ಎಂದೆ. ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಗೆರೆ ಒಗೆಯುವ ಕಲ್ಲಿಗೆ ಎಂದ. ತನ್ನ ಅಪ್ಪನೇ ಹಾಗೆ ಹೇಳಿದ್ದಾರೆ, ಬೇಕಾದರೆ ನಾಲ್ಕು ಮಂದಿ ಹಿರಿಯರನ್ನು ಕೂಡಿಸೋಣ ಎಂದ.

ಯಾರನ್ನೂ ಕೂಡಿಸುವುದು ಬೇಡವೆಂದೆ. ಒಗೆಯುವ ಕಲ್ಲಿಗೇ ಇರಲಿ, ಬೇಲಿ ತೆಗೆಯಿರಿ, ಗೂಡಿನಲ್ಲಿ ಮರಿ ಇವೆ, ಅವು ಹಾರಿಹೋಗುವ ತನಕ ತಡೆಯಿರಿ ಎಂದು ಕೇಳಿದೆ. ಹೂಂ ಅಂದ. ಆದರೆ ಆ ವಾರವೇ ಒಂದು ಮುಂಜಾನೆ ಜೆಸಿಬಿ ಬಂತು.

"ಮಳಿ ಹತ್ತಿದ್ರ ಬುನಾದಿ ತೋಡಾಕ ಆಗಂಗಿಲ್ಲಕ್ಕಾ. ಗಾಡಿ ಇವತ್ತ ಸಿಕ್ಕೈತಿ, ನಾಳಿ ಸಿಗಾಂಗಿಲ್ಲ" ಎಂದ. ಕೆಟ್ಟವನಲ್ಲ. ನಾನು ಕೇಳುವ ಮೊದಲೇ ತಾನೇ ಕವಳಿಯೊಳಗೆ ಕೈ ಹಾಕಿ, ಮುಳ್ಳು ಗೀರಿಸಿಕೊಂಡು, ಗೂಡಿದ್ದ ಟೊಂಗೆಯನ್ನು ಮುರಿದು ಪೇರಲ ಗಿಡಕ್ಕೆ ಸುತಳಿಯಿಂದ ಕಟ್ಟಿದ. ಎರಡು ಮರಿ, ಬಾಯಿ ತೆರೆದುಕೊಂಡಿದ್ದವು. "ಆತಲ್ಲ, ಮನಿ ಶಿಫ್ಟ್ ಮಾಡಿದ್ವಿ" ಎಂದ. ಜೆಸಿಬಿ ಸಾಲನ್ನು ಬೇರುಸಹಿತ ಎತ್ತಿ ಬದಿಗಿಟ್ಟಿತು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ತಾಯಿ ಹಕ್ಕಿ ಬಂತು. ಬೇಲಿ ಇದ್ದ ಜಾಗದ ಮೇಲೆ ಹಾರಾಡಿತು, ಬೇವಿನ ಮೇಲೆ ಕೂತು ಕೂಗಿತು. ಮರಿಗಳ ದನಿ ಕೇಳಿ ಇಂದಲ್ಲ ನಾಳೆ ಪೇರಲಕ್ಕೆ ಬಂದೀತು ಎಂದು ಅವ್ವ ಮತ್ತು ನಾನು ಬಾಗಿಲ ಮರೆಯಲ್ಲಿ ನಿಂತು ಕಾದೆವು. ಪೇರಲದಲ್ಲಿ ಮುಳ್ಳಿಲ್ಲ, ಮರೆಯಿಲ್ಲ. ಕಾಗೆ ಮೊದಲು ಬಂತು. ಅವ್ವ ಪೊರಕೆ ಹಿಡಿದು ಓಡುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಕಿತ್ತ ಕವಳಿಯನ್ನು ಉಳಿದ ಜಾಗದಲ್ಲಿ ಮತ್ತೆ ನೆಟ್ಟು ನೋಡಿದೆ. ಒಣಗಿತು. ಈಗ ಅಲ್ಲಿ ಮಳಿಗೆಯ ಹಿಂಗೋಡೆ ಎದ್ದಿದೆ, ಮಧ್ಯಾಹ್ನದ ಮೇಲೆ ನಮ್ಮ ಪಾಲಿನ ಹಿತ್ತಲೆಲ್ಲ ನೆರಳು. ದಾಸವಾಳ ಹೂ ಬಿಡುವುದು ಕಡಿಮೆಯಾಗಿದೆ. ದೋಣಿಗೆ ನೀರು ತುಂಬುತ್ತೇನೆ, ಕಾಗೆ ಬಂದು ರೊಟ್ಟಿ ತೊಳೆದುಕೊಂಡು ತಿನ್ನುತ್ತದೆ. ಅವ್ವ ಮತ್ತೆ ಗುಡಿಸಲು ಶುರು ಮಾಡಿದ್ದಾಳೆ. ನಾನು ಬೇಡ ಎನ್ನುವುದಿಲ್ಲ.

ಹಕ್ಕಿಯ ಮಾತು ಬಿಡಿ. ಹೇಗಿದ್ದರೂ ಅವು ಬಂದದ್ದೇ ಎಷ್ಟು. ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಕಾಕಾನ ಮಗ ಏನಾದರೂ ಅಂದುಕೊಳ್ಳಲಿ, ಅವನು ಬೆಳೆದದ್ದು ಹುಕ್ಕೇರಿಯಲ್ಲಿ, ನಾನು ಅವನಿಗೆ ಹಬ್ಬಕ್ಕೆ ಸಿಗುವ ಅಕ್ಕ. ಕಾಕಾ ಹಾಗಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಅಟ್ಟ ಹತ್ತಿಸಿದವರು ನನ್ನ ಬಗ್ಗೆ ಏನು ಅಂದುಕೊಂಡರು ಎಂಬುದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ.

ಕಾಕಾ ಪಡಸಾಲೆಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. "ಬಾ ತಂಗಿ. ಅವ್ವನ ಮೊಣಕಾಲ ಹೆಂಗದಾವ?" ಎಂದರು. ನಾನೂ ಕೂತು ಸುಲಿಯತೊಡಗಿದೆ. ಮಳೆಯ ಮಾತು, ಕಾಕಿಯ ಸಕ್ಕರೆ ಕಾಯಿಲೆಯ ಮಾತು ಆಯಿತು. ಕಾಕಿ ರೊಟ್ಟಿ ಬಡಿದಳು, ಉಂಡೆವು. ಕಾಕಾ ತಮ್ಮ ತಾಟಿನ ಮೊಸರನ್ನು ಮೊದಲಿನ ಹಾಗೆ ನನ್ನ ತಾಟಿಗೆ ಬಗ್ಗಿಸಿದರು. ಅದರಿಂದ ಏನನ್ನು ತಿಳಿದುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ. ಕೈ ತೊಳೆದು ಮತ್ತೆ ಶೇಂಗಾ ಸುಲಿಯಲು ಕೂತ ಮೇಲೆ, ಕಾಕಿ ಒಳಗಿದ್ದಾಗ, ಕೇಳಿಯೇಬಿಟ್ಟೆ.

ಕಾಕಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಂದು ಕಾಯಿ ಒಡೆದರು, ಜೊಳ್ಳಾಗಿತ್ತು, ಬದಿಗೆ ಹಾಕಿದರು. "ಬಸ್ಸಿನ ಹೊತ್ತಾತ ನೋಡು" ಎಂದು ಚಪ್ಪಲಿ ಮೆಟ್ಟಿ ನಿಲ್ದಾಣದವರೆಗೂ ಬಂದರು. ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದರು. ಆಮೇಲೆ ಫೋನು ಮಾಡಿದ್ದಾರೆ, ಅವ್ವನ ಜೊತೆ ಮಾತಾಡಿದ್ದಾರೆ, ನನ್ನ ಜೊತೆಯೂ. ಆ ಮಾತು ಮಾತ್ರ ಎತ್ತಿಲ್ಲ. ನಾನು ಕೇಳಿದ ಶಬ್ದಗಳಾದರೂ ಸರಿಯಾಗಿ ನೆನಪಿವೆ ಎಂದುಕೊಂಡಿದ್ದೇನೆ:

"ಜಾಗಾ ಹೊಡಿಯಾಕಂತನ ನಾ ಆ ಬೇಲಿ ಹಚ್ಚೇನಿ ಅಂತ ನಿಮಗ ಖರೇನ ಅನ್ನಿಸಿತೇನ್ರಿ, ಕಾಕಾ?"