ಮಂಗಟ್ಟೆ ಹಕ್ಕಿಯ ಕೊಕ್ಕಿನಲ್ಲಿದ್ದ ಏಳು

ಬೋರ್ಡ್ ಬರೆಯುವ ಹೂವಪ್ಪನಿಗೆ ಕೊಪ್ಪದಲ್ಲಿ ಒಂದು ಕಾಲಕ್ಕೆ ಕೈಗೆ ಬಿಡುವಿರಲಿಲ್ಲ. ಬಾಳಗಡಿಯ ಅವನ ಅಂಗಡಿಯಲ್ಲಿ ನಂಬರ್ ಪ್ಲೇಟ್ ಬರೆಸದ ಜೀಪು ಆ ಕಡೆ ಅಪರೂಪ. ಕನ್ನಡ ಅಂಕಿ ಬೇಕೆಂದವರಿಗೆ ಕನ್ನಡದಲ್ಲೇ ಬರೆದುಕೊಡುತ್ತಿದ್ದ. ಆಮೇಲೆ ಕಪ್ಪು ಪ್ಲೇಟ್ ಹೋಗಿ ಬಿಳಿ ಬರಬೇಕೆಂದು ನಿಯಮವಾಯಿತು. ಬಿಳಿಯ ಹಿಂದೆಯೇ ಸ್ಟಿಕರ್ ಮಿಷನ್ನೂ ಬಂತು, ಕುಂಚ ಮೂಲೆ ಸೇರಿತು.

ಜನ ಬಿಚ್ಚಿ ಬಿಟ್ಟುಹೋದ ಕಪ್ಪು ತಗಡುಗಳು ಅಂಗಡಿಯಲ್ಲಿ ರಾಶಿ ಬಿದ್ದವು. ತನ್ನ ಕೈಬರಹ ಗುಜರಿಗೆ ಹೋಗುವುದೆಂದರೆ ಹೂವಪ್ಪನಿಗೆ ಸಂಕಟ. ಅಂಕಿಗಳನ್ನು ಕತ್ತರಿಸಿ, ಹಲಗೆಗೆ ಮೊಳೆ ಹೊಡೆದು, ಗೋಡೆಗೆ ತೂಗುಹಾಕುವ ಚಿತ್ರ ಮಾಡತೊಡಗಿದ.

"ತಲೆ ಕೆಟ್ಟಿದೆಯಾ ಮಾರಾಯ?" ಎಂದು ಪಕ್ಕದ ಸೈಕಲ್ ಶಾಪಿನ ಭೈರಪ್ಪ ನಕ್ಕ. ನಗಲಿ ಬಿಡಿ, ಅವನ ಗಂಟೇನು ಹೋಯಿತು!

ಕೊನೆಗೊಬ್ಬರು ಹೋಂಸ್ಟೇ ಮಾಲೀಕರು ದೊಡ್ಡದೊಂದು ಮಂಗಟ್ಟೆ ಹಕ್ಕಿ ಮಾಡಲು ಹೇಳಿದರು. ಕೆಳಗೆ ನಿಮ್ಮ ಸಹಿ ಇರಲಿ ಅಂದರು. ಹೂವಪ್ಪನ ಸಹಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹಿಗ್ಗಿಹೋದ.

ಹಕ್ಕಿ ಮುಗಿದ ದಿನವೇ ನೆಮ್ಮಾರಿನ ಜಲಜಮ್ಮ ಬಂದರು. ಗಂಡ ಕೃಷ್ಣಪ್ಪ ತೀರಿಕೊಂಡು ವರ್ಷವಾಗಿರಲಿಲ್ಲ, ಜೀಪನ್ನೂ ಮಾರಿದ್ದರು.

"ಹೂವಪ್ಪಣ್ಣ, ನಮ್ಮ ಜೀಪಿನ ಹಳೇ ಪ್ಲೇಟು ಇಲ್ಲೇ ಬಿಟ್ಟಿದ್ರಂತಲ್ಲ, ಅದು ಬೇಕಿತ್ತು."

ಹೂವಪ್ಪ ಹಕ್ಕಿಯ ಕಡೆ ತಿರುಗಿ ನೋಡಿದ. ಆ ಪ್ಲೇಟಿನ ೭ ಹಕ್ಕಿಯ ಕೊಕ್ಕಾಗಿತ್ತು, ೬ ಬಾಲವಾಗಿತ್ತು.

"ಗುಜರಿಗೆ ಹೋಯ್ತಲ್ಲ ಜಲಜಮ್ಮ," ಅಂದುಬಿಟ್ಟ.

ಆಕೆ ರೇಗಲಿಲ್ಲ. "ಹೋಗ್ಲಿ ಬಿಡಿ. ಗಂಡನ ಹೆಸರು ಹಿಡಿದು ಕರೆಯೋದು ನಮ್ಮಲ್ಲಿಲ್ಲ ನೋಡಿ. ಜೀಪು ತಗೊಂಡ ಮೇಲೆ 'ಎಪ್ಪತ್ತಾರು ಬಂತಾ, ಎಪ್ಪತ್ತಾರು ಊಟ ಮಾಡ್ತಾ' ಅಂತಲೇ ನಾನು ಕೇಳ್ತಿದ್ದದ್ದು. ಅವ್ರಿಗೂ ನಗು. ಫೋಟೋ ಉಂಟು ಮನೇಲಿ, ಕರೆಯೋ ಹಾಗಿಲ್ಲ," ಎಂದು ಮೆಟ್ಟಿಲಿಳಿದರು.

ಹೂವಪ್ಪನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೆ ಇಷ್ಟು ಚೆಂದದ ಹಕ್ಕಿ ಮತ್ತೆ ಕೈಗೆ ಬರುತ್ತದೋ ಇಲ್ಲವೋ, ಸಹಿ ಕೇಳುವವರು ಮತ್ತೆ ಸಿಗುತ್ತಾರೋ ಇಲ್ಲವೋ.

"ನಿಲ್ಲಿ ಜಲಜಮ್ಮ, ಸುಳ್ಳು ಹೇಳಿದೆ," ಎಂದು ಕೂಗಿ ಇಕ್ಕಳ ತೆಗೆದುಕೊಂಡ.

ಕೊಕ್ಕು ಕಿತ್ತ, ಬಾಲ ಕಿತ್ತ. ಹಕ್ಕಿ ನೋಡುವ ಹಾಗಿರಲಿಲ್ಲ. ಎರಡು ಅಂಕಿಗಳನ್ನೂ ಸಣ್ಣ ಹಲಗೆಯ ಮೇಲೆ ಅಕ್ಕಪಕ್ಕ ಜೋಡಿಸಿ ಮೊಳೆ ಹೊಡೆದ. ಬಹಳ ದಿನಕ್ಕೆ ಕುಂಚವನ್ನು ಬಿಳಿ ಬಣ್ಣಕ್ಕೆ ಅದ್ದಿದ.

"ಕೆಳಗೆ ಯಜಮಾನ್ರ ಹೆಸರು ಬರೀಲಾ?"

ಜಲಜಮ್ಮ ಆ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದರು.

"ಇನ್ನೆಂತ ಬರೀತೀರಿ? ಅವ್ರ ಹೆಸರು ಬರ್ದಾಗಿದೆಯಲ್ಲ."