ಸೊಪ್ಪಿನ ಗಾಡಿಯ ಸ್ಪೀಕರ್

ಹಲಸೂರು ಬಜಾರಿನ ಹಿಂದಿರುವ ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಗೆ ಸೊಪ್ಪಿನ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಕೂಗಬಾರದು, ಮಾತಾಡುವುದಿದ್ದರೂ ಮೆಲ್ಲಗೆ ಎಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಕೂಗದೆ ಸೊಪ್ಪು ಮಾರುವುದು ಹೇಗೆ ಎಂಬುದು ವೈದ್ಯರ ಚೀಟಿಯಲ್ಲಿ ಇರಲಿಲ್ಲ.

ಆಕೆ ಕೆ.ಆರ್. ಪುರದ ಕಡೆಯವರು. ಮನೆಯ ಸೊಪ್ಪಿನ ಮಡಿಗಳೆಲ್ಲ ಬಡಾವಣೆಯಾದ ಮೇಲೆ, ಬೇರೆಯವರು ಬೆಳೆದದ್ದನ್ನು ಅಲ್ಲಿನ ಮಾರುಕಟ್ಟೆಯಲ್ಲಿ ಕೊಂಡು ಇಲ್ಲಿಗೆ ತರುತ್ತಿದ್ದರು. ಬೀದಿಯವರಿಗೆಲ್ಲ ಸೊಪ್ಪಿನಕ್ಕ. ಅವರು ಮಲಗಿದ್ದ ಎರಡು ತಿಂಗಳಲ್ಲಿ, ಮೇಲೆ ದೊಡ್ಡ ಕಹಳೆ ಸ್ಪೀಕರ್ ಕಟ್ಟಿದ ತರಕಾರಿ ಆಟೊ ಒಂದು ಬರತೊಡಗಿತ್ತು. ಅಕ್ಕ ಮರಳಿ ಬಂದರೂ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಡಿದ ಸೊಪ್ಪು ಗಾಡಿಯಲ್ಲೇ ಇರುತ್ತಿತ್ತು. ಇನ್ನೊಂದು ತಿಂಗಳು ನೋಡಿ, ಆಗದಿದ್ದರೆ ಗಾಡಿ ಮಾರಿಬಿಡುವುದಾಗಿ ಅವರು ನನ್ನ ಹೆಂಡತಿಯ ಹತ್ತಿರ ಹೇಳಿದರು.

ನಾನು ಬಹಳ ವರ್ಷ ರೇಡಿಯೊದ ಸುದ್ದಿ ವಿಭಾಗದಲ್ಲಿ ಧ್ವನಿ ಸಂಪಾದನೆ ಮಾಡಿದವನು. ಹಿಂದೊಮ್ಮೆ ಬೀದಿಯ ಸದ್ದುಗಳ ಬಗ್ಗೆ ಒಂದು ಕಾರ್ಯಕ್ರಮಕ್ಕಾಗಿ ಅಕ್ಕನ ಕೂಗನ್ನು ಧ್ವನಿಮುದ್ರಿಸಿದ್ದೆ. 'ಸೊಪ್ಪೂ' ಎಂದು ಎಳೆದು, ದಂಟು, ಪಾಲಕ್, ಸಬ್ಬಸಿಗೆ ಎಂದು ಒಂದೇ ಉಸಿರಿಗೆ ಉದುರಿಸಿ, ತಮಿಳು ಮನೆಗಳಿಗಾಗಿ ಕೊನೆಯಲ್ಲಿ 'ಕೀರೇ' ಎನ್ನುತ್ತಿದ್ದರು. ಆ ಕಡತ ನನ್ನ ಕಂಪ್ಯೂಟರಿನಲ್ಲೇ ಇತ್ತು. ಶಿವಾಜಿನಗರದ ಒಂದು ಅಂಗಡಿಯಲ್ಲಿ ಮುಷ್ಟಿಗಾತ್ರದ ಸ್ಪೀಕರ್ ಕೊಂಡು, ಆ ಕೂಗನ್ನು ತುಂಬಿ, ಗಾಡಿಯ ಹಿಡಿಗೆ ಕಟ್ಟಿಕೊಟ್ಟೆ. ದೊಡ್ಡದು ಬೇಡವೆಂದು ಅಕ್ಕನೇ ಹೇಳಿದ್ದರು. ಅದರ ಬ್ಯಾಟರಿಯ ತೂಕವನ್ನೂ ತಳ್ಳಬೇಕಾದವರು ಅವರೇ.

ನಮ್ಮ ಹಜಾರದಲ್ಲಿ ಗಟ್ಟಿಯಾಗಿ ಕೇಳಿದ ಕೂಗನ್ನು ಬೀದಿಯ ನೀರಿನ ಟ್ಯಾಂಕರ್ ನುಂಗಿಹಾಕಿತು. ಸ್ಪೀಕರಿನ ವಾಲ್ಯೂಮ್ ಪೂರ್ತಿ ಏರಿಸಿದೆ, ಸಾಲದೆಂದು ಕಂಪ್ಯೂಟರಿನಲ್ಲೂ ಮಟ್ಟ ಹೆಚ್ಚಿಸಿದೆ. ಮೂರನೆಯ ದಿನ ಅದು ಒಣಗಿದ ಎಲೆಯಂತೆ ಪರಪರ ಎಂದು, ಆಮೇಲೆ ಸುಮ್ಮನಾಯಿತು.

ಅಂಗಡಿಯ ರಿಪೇರಿ ಸಾಹೇಬರು ಅದನ್ನು ಬಿಚ್ಚಿ, ಕರಕಾದ ಸುರುಳಿಯನ್ನು ನನಗೆ ತೋರಿಸಿದರು. "ಏನ್ ತಿನ್ಸಿದ್ರಿ ಸಾರ್ ಇದಕ್ಕೆ? ಇಷ್ಟ್ ಚಿಕ್ಕ ಹೊಟ್ಟೆ. ಇದರ ಕೈಲಿ ಆಗದೇ ಇರೋದನ್ನ ಮೊದ್ಲು ತೆಗೀರಿ. ಆಮೇಲೆ ಜೋರು ಮಾಡಿ."

ಆ ಮಾತನ್ನು ಹಾಗೆಯೇ ಬರೆದುಕೊಂಡು ಬಂದೆ. ಇಷ್ಟು ಚಿಕ್ಕ ಸ್ಪೀಕರ್ ತಗ್ಗಿನ, ಗುಡುಗುವ ಸ್ವರಗಳನ್ನು ಹೊರಡಿಸಲಾರದು, ಆದರೆ ಹೊರಡಿಸಲು ಹೋಗಿ ತನ್ನ ಶಕ್ತಿಯನ್ನೆಲ್ಲ ಕಳೆಯುತ್ತದೆ. ಆದ್ದರಿಂದ ಕೂಗಿನ ತಗ್ಗಿನ ಭಾಗವನ್ನು ಕತ್ತರಿಸಿದೆ. ಕಿವಿ ಬೇಗ ಹಿಡಿಯುವುದು ನಡುವಿನಿಂದ ಸ್ವಲ್ಪ ಮೇಲಿರುವ ಸ್ವರಗಳನ್ನು. 'ಸ'ಕಾರ, 'ಟ'ಕಾರಗಳ ಮೊನೆ ಇರುವುದೂ ಅಲ್ಲಿಯೇ. ಅದನ್ನು ಎತ್ತಿದೆ. ಕೂಗು ತೀರಾ ಜೋರಾಗುವ ಶಿಖರಗಳನ್ನು ಅದುಮಿ, ಅದುಮಿದ್ದರಿಂದ ಉಳಿದ ಜಾಗದಲ್ಲಿ ಇಡೀ ಕೂಗನ್ನು ಮೇಲಕ್ಕೆ ತಂದೆ. ಕೊನೆಗೆ, ಧ್ವನಿ ಎಷ್ಟೇ ಏರಿದರೂ ದಾಟಬಾರದ ಒಂದು ಗೆರೆ ಹಾಕಿದೆ, ಸುರುಳಿ ಮತ್ತೆ ಸುಡದಿರಲಿ ಎಂದು. ಇದಕ್ಕೆಲ್ಲ ಒಂದು ವಾರದ ಮಧ್ಯಾಹ್ನಗಳು ಹಿಡಿದವು. ಅದೇ ಗಾತ್ರದ ಹೊಸ ಸ್ಪೀಕರ್ ಕೊಂಡು, ಕೂಗನ್ನು ತುಂಬಿ, ನಮ್ಮ ಗೇಟಿನ ಬಳಿ ಇಟ್ಟು ಬೀದಿಯ ಆ ತುದಿಗೆ ಹೋಗಿ ನಿಂತೆ. ಆಟೊಗಳ ನಡುವೆಯೂ ಪ್ರತಿ ಸೊಪ್ಪಿನ ಹೆಸರೂ ಬಿಡಿಬಿಡಿಯಾಗಿ ಕೇಳಿಸಿತು.

ಆದರೂ ಸೊಪ್ಪು ಉಳಿಯಿತು. ಮೊದಲಿಗಿಂತ ಹೆಚ್ಚೇ ಉಳಿಯಿತು.

ನಾಲ್ಕನೆಯ ದಿನ ಅಕ್ಕ ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಸ್ಪೀಕರನ್ನು ಬಿಚ್ಚಿ ನನ್ನ ಕೈಗಿಟ್ಟರು. ಮುಂದಿನ ಬೀದಿಯ ಅಜ್ಜಿಯೊಬ್ಬರು ಮೂರನೆಯ ಮಹಡಿಯಿಂದ ಕರೆದು ಕರೆದು ಸಾಕಾಗಿ, ಕೆಳಗಿಳಿದು ಬಂದು ಬೈದಿದ್ದರಂತೆ. ಅಕ್ಕನ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು.

"ಇದು ಬಾಯೇ ಮುಚ್ಚಲ್ಲ ಸಾರ್. ನಾನು ಒಂದ್ಸಲ ಕೂಗಿ ಸುಮ್ನೆ ನಿಲ್ತಿದ್ದೆ. ಮೇಲಿರೋರು ಮಾತಾಡ್ಬೇಕಲ್ಲ? ನಾನು ಕೇಳಿಸ್ಕೋಬೇಕಲ್ಲ?"

ತಪ್ಪು ನನ್ನ ವೃತ್ತಿಯದು. ಸುದ್ದಿ ವಿಭಾಗದಲ್ಲಿ ಮೌನವೆಂದರೆ ಅಪರಾಧ. ಎರಡು ಸೆಕೆಂಡು ಖಾಲಿ ಹೋದರೆ ಮೇಲಿನವರಿಂದ ಟಿಪ್ಪಣಿ ಬರುತ್ತಿತ್ತು. ಆ ಅಭ್ಯಾಸದಲ್ಲಿ, ಧ್ವನಿಮುದ್ರಣವನ್ನು ತೆರೆದ ಕೂಡಲೇ ನಾನು ಮೊದಲು ಮಾಡಿದ ಕೆಲಸ ಕೂಗು ಕೂಗುಗಳ ನಡುವಿನ ಬಿಡುವನ್ನು ಕತ್ತರಿಸಿ ತೆಗೆದದ್ದು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು. ಅಕ್ಕ ಇಡೀ ದಿನ ತಮ್ಮದೇ ಕೂಗಿನ ಗದ್ದಲದಲ್ಲಿ ಕಿವುಡರಾಗಿ ನಡೆದಿದ್ದರು.

ಮರುದಿನ ಅವರ ಜೊತೆಗೆ ಪೂರ್ತಿ ಸುತ್ತಿಗೆ ಹೊರಟೆ. ಹಳೆಯ ದಿನಗಳಂತೆ ಪುಸ್ತಕ, ಪೆನ್ನು, ಗಡಿಯಾರ. ಕೂಗಿದ್ದೇನೆಂದು ಮನಸ್ಸಿನಲ್ಲೇ ಅಂದುಕೊಂಡು, ಎಷ್ಟು ಹೊತ್ತು ಕಾಯಬೇಕೋ ಅಷ್ಟು ಕಾದು ಕೈ ಎತ್ತಿ ಎಂದು ಅಕ್ಕನಿಗೆ ಹೇಳಿದೆ. ಒಂದಂತಸ್ತಿನ ಮನೆಗಳ ಗಲ್ಲಿಯಲ್ಲಿ ಕೈ ಬೇಗ ಏಳುತ್ತಿತ್ತು. ಮಹಡಿ ಮನೆಗಳ ಮುಂದೆ, ಒಳಗಿದ್ದವರು ಒಲೆ ತಗ್ಗಿಸಿ, ಕೈ ಒರೆಸಿಕೊಂಡು, ಬಾಲ್ಕನಿಗೆ ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ನಾನು ಒಂದೊಂದನ್ನೂ ಬರೆದುಕೊಂಡೆ. ನಮ್ಮಿಬ್ಬರನ್ನು ನೋಡಿ ಹೂವಿನವನೊಬ್ಬ ಜನಗಣತಿಯವರಾ ಎಂದು ಕೇಳಿದ. ಅಕ್ಕ ಹೌದೆಂದು ತಲೆಯಾಡಿಸಿದರು.

ಬಿಡುವುಗಳನ್ನು ಅಳತೆಯಂತೆ ಮರಳಿ ಸೇರಿಸಿ, ಗಲ್ಲಿಗೊಂದು, ಮಹಡಿ ಮನೆಗಳಿಗೊಂದು ಎಂದು ಎರಡು ಕಡತ ಮಾಡಿದೆ. ಆದರೆ ಇಡೀ ಕೂಗನ್ನು ಎತ್ತಿದ್ದರಿಂದ ಬಿಡುವಿನಲ್ಲಿ ಅಂದು ಮುದ್ರಣವಾಗಿದ್ದ ಹಳೆಯ ಕಾಗೆ, ಹಳೆಯ ಬಸ್ಸುಗಳ ಸದ್ದುಗಳೂ ಎದ್ದು ಕೂತಿದ್ದವು. ಅವನ್ನು ಪೂರ್ತಿ ಅಳಿಸಿದೆ. ಈಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಖಾಲಿ ಬಿಡುವಿನ ಆಚೆ ಏಳುವ ಕೂಗು ಮೊದಲಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು. ಧ್ವನಿಯ ಮಟ್ಟ ತೋರಿಸುವ ಮುಳ್ಳಾದರೋ ಇದ್ದಲ್ಲೇ ಇತ್ತು.

ಸೋಮವಾರ ಅಕ್ಕ ಆ ಅಜ್ಜಿಯ ಬೀದಿಯಿಂದಲೇ ಶುರು ಮಾಡಿದರು. ತರಕಾರಿ ಆಟೊ ಅಲ್ಲಿಗಾಗಲೇ ಬಂದು, ತಿರುವಿನಲ್ಲಿ ನಿಂತು ಒಂದೇ ಸಮನೆ ಅರಚುತ್ತಿತ್ತು. ಅಕ್ಕ ಅದು ಮುಂದೆ ಹೋಗುವವರೆಗೆ ಕಾಯಲಿಲ್ಲ. ಗುಂಡಿ ಒತ್ತಿದರು. ಅವರದೇ ಹಳೆಯ ದನಿ ಒಮ್ಮೆ ಬೀದಿಯ ಉದ್ದಕ್ಕೂ ಹೋಗಿ ನಿಂತಿತು. ಅಕ್ಕ ತಲೆ ಎತ್ತಿ ಮಹಡಿಗಳನ್ನು ನೋಡುತ್ತ ನಿಂತರು. ನಾನು ಗಡಿಯಾರ ನೋಡಿದೆ.

ಮೂರನೆಯ ಮಹಡಿಯ ಬಾಗಿಲು ತೆರೆಯಿತು. "ಏನಮ್ಮಾ, ದಂಟು ಎಳೇದಿದೆಯಾ, ಇಲ್ಲಾ ನಿನ್ ಹಾಗೆ ಬಲ್ತಿದೆಯಾ?"

ಕೂಗಿ ಉತ್ತರ ಕೊಡುವಂತಿರಲಿಲ್ಲ. ಅಕ್ಕ ಒಂದು ಕಟ್ಟು ದಂಟನ್ನು ಬುಡ ಮೇಲಾಗಿ ಹಿಡಿದು ತಲೆಯ ಮೇಲಕ್ಕೆ ಎತ್ತಿ, ಒಂದು ಕಡ್ಡಿಯನ್ನು ಪಟ್ಟನೆ ಮುರಿದು ತೋರಿಸಿದರು. ಹಗ್ಗಕ್ಕೆ ಕಟ್ಟಿದ ಬುಟ್ಟಿ ಕೆಳಗಿಳಿಯತೊಡಗಿತು. ಅದು ನೆಲ ಮುಟ್ಟುವ ಮೊದಲೇ ಎದುರು ಮನೆಯಿಂದ ಇನ್ಯಾರೋ ಸಬ್ಬಸಿಗೆ ಇದೆಯಾ ಎಂದು ಕೇಳಿದರು. ಅಕ್ಕನಿಗೆ ಅದು ಕೇಳಿಸಿತು.