ಎರಡನೇ ದಿನ ಬರ್ರಿ

ಆ ಮೂರು ತಿಂಗಳು ನಮ್ಮ ಅತ್ತೆಯವರು ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು, ತಂಬಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಕುಳಿತಿರುತ್ತಿದ್ದೆ.

"ಬಂತೇನ ಬೇ?"

"ಇಲ್ರಿ ಅತ್ತಿ."

"ಇವತ್ತೂ ಇಲ್ಲಾ?" ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗುವರು.

ಶಹಾಪುರದ ನಮ್ಮ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿವೆ. ಈ ಸವಾಲು ಜವಾಬು ಎಲ್ಲರಿಗೂ ಕೇಳಿಸುತ್ತಿತ್ತು. ಇವರ ಮನೆಗೆ ಯಾರೋ ಬೀಗರು ಬರುವವರಿದ್ದಾರೆ ಎಂದುಕೊಂಡವರೂ ಉಂಟು. ನಾವು ಕಾಯುತ್ತಿದ್ದುದು ನನ್ನ ಮುಟ್ಟನ್ನು.

ಮಗಳು ಹೈಸ್ಕೂಲು ಸೇರಿದ ವರ್ಷದಿಂದ ನನ್ನ ತಿಂಗಳ ಲೆಕ್ಕ ತಪ್ಪಿತ್ತು. ಮೊದಮೊದಲು ತಡವಾಯಿತು. ಆಮೇಲೆ ಒಂದೊಂದು ತಿಂಗಳು ಬರುವುದನ್ನೇ ಬಿಟ್ಟಿತು. ಬಂದರೆ ಹೋಗುವುದನ್ನು ಮರೆಯಿತು. ನಮ್ಮ ಮನೆಯಲ್ಲಿ ಮುಟ್ಟಾದವರು ಐದು ದಿನ ಒಲೆ, ನೀರಿನ ಕೊಡ, ದೇವರ ಜಗಲಿ ಮುಟ್ಟುವುದಿಲ್ಲ. ಹಜಾರದ ಮೂಲೆಯ ಕಂಬಳಿಯ ಮೇಲೆ ಕೂಡಬೇಕು. ನನ್ನದು ಅಮಾವಾಸ್ಯೆಗೆ ಶುರುವಾಗಿ ಹುಣ್ಣಿಮೆ ಬಂದರೂ ನಿಲ್ಲದಿದ್ದಾಗ ಅತ್ತೆ ಅಡುಗೆ ಮಾಡಿ ಮಾಡಿ ಬೇಸತ್ತರು. ಸೊಂಟದ ಮೇಲೆ ಕೈಯಿಟ್ಟು ನ್ಯಾಯ ಹೇಳಿದರು: "ಐದು ದಿನಾ ಆದ್‌ಮ್ಯಾಲ ತಲಿಮ್ಯಾಲ ನೀರ ಹಾಕ್ಕೊಂಡು ಒಳಗ ಬಾ. ಅಲ್ಲೀತನಾ ಮುಟ್ಟು. ಅಲ್ಲಿಂದ ಮುಂದಿಂದು ಬ್ಯಾನಿ. ಬ್ಯಾನಿಗೆ ಮೈಲಿಗಿ ಇಲ್ಲ."

ಅದು ಬೇನೆ ಎಂದು ಮೊದಲು ಹೇಳಿದವರು ಅವರೇ. ಯಾವ ಬೇನೆ ಎಂದು ಹೇಳುವವರನ್ನು ಹುಡುಕುತ್ತ ಹೋದದ್ದು ನಾನು.

ಮೈ ಊದುತ್ತಿತ್ತು. ಮದುವೆಯಲ್ಲಿ ತೊಟ್ಟ ಬಳೆಗಳು ಮೊಣಕೈ ಕಡೆಗೂ ಹೋಗದೆ ಮಣಿಕಟ್ಟಿನ ಕಡೆಗೂ ಬಾರದೆ ಮಾಂಸದಲ್ಲಿ ಹೂತು ಕುಳಿತಿದ್ದವು. ತೊಗರಿಬೇಳೆ ಹಸನು ಮಾಡುತ್ತ ಮೊರದ ಮೇಲೆಯೇ ತೂಕಡಿಸುತ್ತಿದ್ದೆ. ತಲೆಯ ಕೂದಲು ಹಣಿಗೆಯ ತುಂಬ ಬರುತ್ತಿತ್ತು, ಬೇಡವಾದ ಕಡೆ, ಗದ್ದದ ಕೆಳಗೆ, ಹೊಸದಾಗಿ ಮೂಡುತ್ತಿತ್ತು. ಅದನ್ನು ಚಿಮಟಿಗೆಯಿಂದ ಕೀಳುವುದು ನನ್ನ ಮುಂಜಾವಿನ ಮೊದಲ ಕೆಲಸವಾಯಿತು, ಮನೆಯವರು ಏಳುವ ಮುಂಚೆ.

ಸುರಪುರ ನನ್ನ ತವರು. ಅಲ್ಲಿಗೇ ಕೊಟ್ಟ ಅಕ್ಕನಿಗೆ ಗರ್ಭಚೀಲ ತೆಗೆದು ಬಹಳ ವರ್ಷವಾಗಿತ್ತು. ಅವಳ ಓಣಿಯಲ್ಲಿ ಹಾಗೆ ತೆಗೆಸಿಕೊಂಡವರು ಎಷ್ಟೋ ಮಂದಿ. ಸಂಜೆ ಕಟ್ಟೆಯ ಮೇಲೆ ಕೂತರೆ ಹಲ್ಲು ಕೀಳಿಸಿದ ಸುದ್ದಿಯಂತೆ ಅದನ್ನು ಮಾತಾಡುತ್ತಾರೆ.

"ತಗಿಸಿ ಒಗಿ ಅತ್ತಾಗ. ನಾ ಆರಾಮ ಇಲ್ಲೇನು?" ಎನ್ನುತ್ತಿದ್ದಳು ಅಕ್ಕ. ಹಾಗೆ ಹೇಳಿ ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಟೊಂಕಕ್ಕೆ.

ಅಕ್ಕ ತೋರಿಸಿದ ಡಾಕ್ಟರು ನನ್ನ ಮುಖ ನೋಡದೆಯೇ ಬರೆಯತೊಡಗಿದ್ದರು. "ಮನ್ಯಾಗ ಟೆನ್ಶನ್ ಏನರ ಐತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು, "ಏನ್ ಟೆನ್ಶನ್ರಿ, ಉಂಡು ಮನ್ಯಾಗ ಇರ್ತಾಳ್ರಿ. ಟೆನ್ಶನ್ ಇದ್ರ ನಮ್ಮ ಆಫೀಸ್‌ನ್ಯಾಗ ಐತ್ರಿ" ಎಂದರು. ಡಾಕ್ಟರು ನಕ್ಕರು. ನಮ್ಮ ಮನೆಯವರ ಬಿ.ಪಿ.ಯನ್ನೂ ನೋಡಿದರು.

ಶಹಾಪುರದಲ್ಲಿ ತೋರಿಸಿದ ಇನ್ನೊಬ್ಬರು ಬರಿಸುವುದಕ್ಕೆ ಒಂದು ಗುಳಿಗೆ, ನಿಲ್ಲಿಸುವುದಕ್ಕೆ ಇನ್ನೊಂದು ಗುಳಿಗೆ ಕೊಟ್ಟರು. ನಳದ ತಿರುಪು ತಿರುಗಿಸಿದ ಹಾಗೆ ಬರುವುದು, ನಿಲ್ಲುವುದು. ಗುಳಿಗೆ ಬಿಟ್ಟರೆ ಮತ್ತೆ ಮೊದಲಿನಂತೆ.

"ಇದಕ್ಕ ಏನಂತಾರ್ರಿ?" ಎಂದು ಧೈರ್ಯ ಮಾಡಿ ಕೇಳಿದ್ದೆ.

"ಏನಂತಾರ ಅಂದ್ರ? ಹಾರ್ಮೋನು ಏರುಪೇರು. ವಯಸ್ಸಾತಲ್ಲವ್ವ."

ಏರುಪೇರು ಎನ್ನುವುದು ನನಗೂ ಗೊತ್ತಿತ್ತು. ಯಾತರದ್ದು, ಯಾಕೆ, ಮುಂದೇನು, ಅದು ಬೇಕಾಗಿತ್ತು. ನನ್ನ ಸಲುವಾಗಿ ಅಷ್ಟೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಪಿಯುಸಿಗೆ ಹೋಗುತ್ತಿದ್ದ ಮಗಳು ಒಂದು ದಿನ ಕಾಲೇಜಿನಿಂದ ಬಂದವಳು ಚೀಲ ಎಸೆದು ಕನ್ನಡಿಯ ಮುಂದೆ ನಿಂತಳು. ಗೆಳತಿಯರು ಅವಳನ್ನು "ಮೀಸಿ ಮಾಮಾ" ಎಂದಿದ್ದರಂತೆ. ತುಟಿಯ ಮೇಲೆ ನೆರಳಿನಂತೆ ಕೂದಲು ಎದ್ದಿತ್ತು. ಕಪಾಟಿನಲ್ಲಿ ಅವಳ ಪ್ಯಾಡಿನ ಪೊಟ್ಟಣ ಒಡೆಯದೆ ಕುಳಿತಿದ್ದುದನ್ನೂ ನಾನು ನೋಡಿದ್ದೆ. ನನಗಾಗಿರುವುದು ಇದೇ ಎಂದು ಒಬ್ಬರು ಹೇಳಿದರೆ ಸಾಕು, ಅವಳಿಗೆ ಈಗಿನಿಂದಲೇ ಉಪಾಯ ಮಾಡಬಹುದು ಎಂಬ ಆಸೆ. ನನ್ನ ಗರ್ಭಚೀಲ ತೆಗೆಯುವ ಮೊದಲು ನನಗೆ ಆ ಹೆಸರು ಬೇಕಾಗಿತ್ತು.

ಯಾದಗಿರಿಯಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರು ಬಂದಿದ್ದಾರೆ, ತಾಳ್ಮೆಯಿಂದ ಕೇಳುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ, ಅತ್ತೆಯೇ ಜೊತೆಗೆ ಬಂದರು. ಸಣ್ಣ ವಯಸ್ಸಿನ ಡಾಕ್ಟರು, ಮಾತು ಬೆಂಗಳೂರು ಕಡೆಯದು. ನನ್ನ ಗದ್ದವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಕುತ್ತಿಗೆಯ ಕಪ್ಪು ಪಟ್ಟಿ ನೋಡಿದರು. ಎದೆಯಿಂದ ಹಾಲಿನಂಥದ್ದೇನಾದರೂ ಬರುತ್ತದೆಯೇ, ಚಳಿ ತಡೆಯುವುದಿಲ್ಲವೇ, ನನ್ನ ಅವ್ವನಿಗೆ ಹೇಗಿತ್ತು, ಎಲ್ಲ ಕೇಳಿದರು. ಅಷ್ಟು ಕೇಳಿಸಿಕೊಂಡದ್ದಕ್ಕೇ ನನಗೆ ಅಳು ಬಂತು.

"ತೊಂದರೆ ಗರ್ಭಚೀಲದ್ದೇ ಅಂತ ಹೇಳೋಕಾಗಲ್ಲಮ್ಮ. ಥೈರಾಯ್ಡ್ ಇರಬಹುದು, ಅಂಡಾಶಯ ಇರಬಹುದು, ತಲೆಯಲ್ಲಿರೋ ಗ್ರಂಥಿ ಇರಬಹುದು. ರಕ್ತ ನೋಡಿದ್ರೆ ಗೊತ್ತಾಗುತ್ತೆ. ಈಗ ತಗೊಳ್ತಿರೋ ಹಾರ್ಮೋನ್ ಮಾತ್ರೆ ಎಲ್ಲಾ ನಿಲ್ಲಿಸಿ. ತಾನಾಗೇ ಮುಟ್ಟು ಬರಲಿ. ಬಂದ ಎರಡನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ. ಮೂರು ತಿಂಗಳು ನೋಡೋಣ."

ಹೊರಗೆ ಬಂದಾಗ ಚೀಟಿ ಕೊಡುವ ನರ್ಸಬಾಯಿ ಅದನ್ನೇ ನಮ್ಮ ಮಾತಿನಲ್ಲಿ ಹೇಳಿದಳು: "ಎರಡನೇ ದಿನ ಬರ್ರಿ. ಮರೀಬ್ಯಾಡ್ರಿ."

ವಾಪಸ್ಸು ಬರುವಾಗ ಬಸ್ಸು ಭೀಮಾ ಸೇತುವೆ ದಾಟುತ್ತಿತ್ತು. ಅತ್ತೆ ಹೊಳೆಗೆ ಕೈಮುಗಿದು ಹೇಳಿದರು: "ಇಷ್ಟ ಅಲ್ಲೇನು? ಬಂದ್ರ ಮುಗೀತು."

ಅಲ್ಲಿಂದ ಶುರುವಾಯಿತು ಕಾಯುವುದು. ಮಗನ ಎದುರಿಗೆ ಮುಟ್ಟು ಎನ್ನುವ ಶಬ್ದವನ್ನೇ ಆಡಗೊಡದ ಅತ್ತೆ ದಿನಾ ಬೆಳಿಗ್ಗೆ ಎತ್ತಿದ ದನಿಯಲ್ಲಿ ವಿಚಾರಿಸತೊಡಗಿದರು. ಎಳ್ಳುಂಡೆ ಕಟ್ಟಿ ತಿನಿಸಿದರು. ಎಲ್ಲಿಂದಲೋ ಪಪ್ಪಾಯಿ ತರಿಸಿದರು. ಕೊಡೇಕಲ್ಲಿನ ಗುಡಿಗೆ ಹೋಗುವವರ ಕೈಯಲ್ಲಿ ಕಾಯಿ ಕಳಿಸಿ ಬೇಡಿಕೊಂಡರು. ಯಾದಗಿರಿಗೆ ಹೊರಡುವ ಕೈಚೀಲ, ಒಂದು ಸೀರೆ, ಹಳೆಯ ಚೀಟಿಗಳು, ಬಾಗಿಲ ಗೂಟಕ್ಕೆ ಸದಾ ಸಿದ್ಧವಾಗಿ ತೂಗುತ್ತಿತ್ತು.

ಮೊದಲ ತಿಂಗಳು ಹೋಯಿತು, ಎರಡನೆಯದೂ ಹೋಯಿತು. ನನ್ನ ಮೈ ದಿನದಿಂದ ದಿನಕ್ಕೆ ಭಾರವಾಯಿತೇ ಹೊರತು ಏನೂ ಆಗಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಊಟವಾದ ಮೇಲೆ ಅತ್ತೆ ಗುಳಿಗೆಯೊಂದನ್ನು ಅಂಗೈಯಲ್ಲಿಟ್ಟು ತಂದರು. "ರಕ್ತದ ಗುಳಿಗಿ. ಅಂಗನವಾಡಿಯಾಕಿ ಕೊಟ್ಟಾಳ. ಹೆಂಗ ಬಿಳಚ್ಕೊಂಡಿ ನೋಡು, ನುಂಗು." ರಕ್ತದ ಗುಳಿಗೆ ನಮ್ಮ ಮನೆಗೆ ಹೊಸದಲ್ಲ. ನೋಡದೆಯೇ ನುಂಗಿದೆ. ಮರುದಿನವೂ ಕೊಟ್ಟರು, ಅದರ ಮರುದಿನವೂ. ಆಮೇಲೆ ಮುಗಿದವು ಎಂದರು.

ಆ ವಾರ ಕಳೆಯುವುದರೊಳಗೆ ಬಂತು.

"ಬಂತ್ರೋ!" ಎಂದು ಅತ್ತೆ ಅಂಗಳದಲ್ಲೇ ಕೂಗಿದರು. ಎದುರು ಮನೆಯಾಕೆ ಬಾಗಿಲಿಗೆ ಬಂದು, "ಏನ್ ಬಂತ್ರಿ? ಸೊಸಿಗೆ ನೌಕರಿ ಬಂತೇನು?" ಎಂದಳು.

"ನೌಕರಿಕಿಂತ ದೊಡ್ಡದು ಬಂದದ ತಗೀ, ಒಳಗ ಹೋಗು."

ಮರುದಿನ ಮೊದಲ ಬಸ್ಸಿಗೆ ಹೊರಟೆವು. ನಮ್ಮೂರ ಮಲಗಿದ ಬುದ್ಧನ ಗುಡ್ಡದ ಮೇಲೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಮುಟ್ಟಾದ ಸೊಸೆಯ ಸೆರಗು ತಾಗಿದರೆ ಸ್ನಾನಕ್ಕೆ ಹೋಗುತ್ತಿದ್ದ ಅತ್ತೆ ಆ ದಿನ ನನ್ನ ಭುಜಕ್ಕೆ ಭುಜ ಹಚ್ಚಿ ಕುಳಿತರು. ನಾನು ಸಂಕೋಚದಿಂದ ಸರಿದರೆ, "ದವಾಖಾನಿಗೆ ಹೋಗೂಮುಂದ ಎಂಥಾ ಮಡಿ? ಕುಂದ್ರು ಸುಮ್ಮನ" ಎಂದರು. ಮದುವೆಯಾಗಿ ಬಂದ ಮೇಲೆ ಅಷ್ಟು ಹಗುರವಾಗಿ ನಾನು ಎಲ್ಲಿಗೂ ಹೋಗಿರಲಿಲ್ಲ. ರಕ್ತ ಕೊಟ್ಟು ಬಂದು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಾಳು ತಿಂದೆವು.

ರಿಪೋರ್ಟು ಹೊರಗಿನ ಲ್ಯಾಬಿನಿಂದ ಬರಬೇಕಿತ್ತು. ಬಂದ ಮೇಲೆ ಮತ್ತೆ ಇಬ್ಬರೂ ಹೋದೆವು. ಡಾಕ್ಟರು ಓದಿದರು. ಹಿಂದಿನ ಹಾಳೆಗೆ ಹೋಗಿ ಮತ್ತೆ ಮುಂದಿನದಕ್ಕೆ ಬಂದರು.

"ಒಂದಕ್ಕೊಂದು ಹೊಂದ್ತಾ ಇಲ್ಲವಲ್ಲ. ಮುಟ್ಟು ಬರೋಕೆ ಮಾತ್ರೆ ಏನಾದ್ರೂ ತಗೊಂಡ್ರಾ?"

"ಇಲ್ರಿ ಮೇಡಂ. ಏನೇನೂ ಇಲ್ರಿ."

ಹಿಂದೆ ಸ್ಟೂಲಿನ ಮೇಲಿದ್ದ ಅತ್ತೆ ಹೆಮ್ಮೆಯಿಂದ ಮುಂದೆ ಬಾಗಿದರು. "ನಾ ಕೊಟ್ಟೇನಲ್ರಿ! ಆಕಿಗೆ ಗೊತ್ತಿಲ್ಲ. ಇಲ್ಲಂದ್ರ ಅದು ಬರ್ತಿತ್ತೇನ್ರಿ? ಎಷ್ಟಂತ ಹಾದಿ ನೋಡೂದು?" ಎನ್ನುತ್ತ ಸೆರಗಿನ ತುದಿಯ ಗಂಟು ಬಿಚ್ಚಿದರು. ಎಲೆ ಅಡಿಕೆಯ ನಡುವೆ ಖಾಲಿ ಗುಳಿಗೆಯ ಪಟ್ಟಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದು. ನನಗೆ ಮೊದಲು ಕೊಡುತ್ತಿದ್ದರಲ್ಲ, ಬರಿಸುವ ಗುಳಿಗೆ, ಅದೇ.

ಡಾಕ್ಟರು ಪಟ್ಟಿಯನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅಮ್ಮ, ನನಗೆ ಮುಟ್ಟು ಬೇಕಾಗಿರಲಿಲ್ಲ. ಅದು ತಾನಾಗೇ ಬರುತ್ತಾ, ಬಂದಾಗ ರಕ್ತದಲ್ಲಿ ಏನಿರುತ್ತೆ, ಅದನ್ನ ನೋಡಬೇಕಿತ್ತು. ಈ ರಿಪೋರ್ಟ್ ಹಿಡ್ಕೊಂಡು ನಾನು ಇವರಿಗೆ ಇಂಥದ್ದೇ ಅಂತ ಹೇಳಲಾರೆ."

"ಹೆಂಗ ಬಂದ್ರೇನ್ರಿ, ಬಂದದ್ದು ಬಂದಂಗ ಅಲ್ಲೇನ್ರಿ?" ಅತ್ತೆಯ ದನಿ ಅಷ್ಟರಲ್ಲೇ ಸಣ್ಣದಾಗಿತ್ತು.

ಮತ್ತೆ ಎಲ್ಲ ಗುಳಿಗೆ ಬಿಟ್ಟು ಮೊದಲಿನಿಂದ ಕಾಯಬೇಕು ಎಂದರು ಡಾಕ್ಟರು. ಬರುವಾಗ ಅತ್ತೆ ನನ್ನ ಪಕ್ಕ ಕೂಡಲಿಲ್ಲ. ಮುಂದಿನ ಸೀಟಿನಲ್ಲಿ ಅವರ ಬಿಳಿ ತುರುಬು ಬಸ್ಸು ಕುಲುಕಿದಂತೆಲ್ಲ ಕುಲುಕುತ್ತಿತ್ತು. ಸಿಟ್ಟು ಬರಲಿಲ್ಲ ನನಗೆ. ಮೈಯಲ್ಲಿ ಸಿಟ್ಟಿಗೆ ಬೇಕಾದ ಬಲವೇ ಇರಲಿಲ್ಲ. ಮರುದಿನದಿಂದ ಬೆಳಿಗ್ಗೆ "ಬಂತೇನ" ಎನ್ನುವುದು ನಿಂತಿತು.

ತಾನಾಗಿ ಬಂದದ್ದು ತೊಗರಿ ರಾಶಿಯ ದಿನಗಳಲ್ಲಿ. ಬಂದದ್ದು ಹೇಗೆ ಎಂದು ಬರೆಯುವುದೂ ಕಷ್ಟ. ಒಲೆಯ ಮುಂದಿನಿಂದ ಏಳಲಾಗಲಿಲ್ಲ. ತವೆಯ ಮೇಲಿನ ರೊಟ್ಟಿ ಕರಿಯಾದ ವಾಸನೆಗೆ ಅತ್ತೆ ಓಡಿಬಂದರು. ನಮ್ಮ ಮನೆಯವರು ದುಪ್ಪಟಿಯಲ್ಲಿ ಸುತ್ತಿ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಊರಿನಲ್ಲೇ ಇದ್ದ ಆಸ್ಪತ್ರೆಗೆ ಒಯ್ದರು. ಚೀಲ ತೆಗೆಯದೆ ಬೇರೆ ದಾರಿ ಇಲ್ಲ ಎಂದರು ಅಲ್ಲಿಯ ಡಾಕ್ಟರು.

"ಯಾದಗಿರಿ ಮೇಡಂ ಎರಡನೇ ದಿನ ರಕ್ತ ನೋಡ್ತೀನಿ ಅಂದಾರ್ರಿ" ಎಂದು ನಾನು ಮಲಗಿದಲ್ಲಿಂದಲೇ ಹೇಳಿದೆ.

"ರಕ್ತ ಎಲ್ಲಾ ಹರದು ಹೋಗಾಕತ್ತೈತಿ, ಏನ್ ಉಳಿದಿರ್ತದವ್ವ ನೋಡಾಕ?"

ಸುರಪುರದಿಂದ ಬಂದ ಅಕ್ಕ, "ಆಗ ಹೇಳಿದ್ದೆ, ಕೇಳಲಿಲ್ಲ" ಎಂದು ಎಲ್ಲರಿಗೂ ಹೇಳುತ್ತ ಓಡಾಡಿದಳು. ನಮ್ಮ ಮನೆಯವರು ಯಾದಗಿರಿಗೆ ಫೋನು ಮಾಡಿದರು. ಆ ಡಾಕ್ಟರು ಊರು ಬಿಟ್ಟು ಹೋಗಿದ್ದರಂತೆ. ತಡೆಯಿರಿ ಎಂದವರು ಒಬ್ಬರೇ, ಅತ್ತೆ. "ಜರಾ ನಿಂದರ್ರೋ. ಆ ಡಾಕ್ಟರ್ ಹುಡುಗಿ ಏನೋ ನೋಡೂದೈತಿ ಅಂದಿದ್ಲು."

"ನೀ ಸುಮ್ಮನಿರು ಯವ್ವಾ. ನೀ ಮಾಡಿದ್ದು ಸಾಕು" ಎಂದರು ಮಗ. ಅತ್ತೆ ಗೋಡೆಗೆ ಒರಗಿದರು. ನನಗೋಸ್ಕರ ಆಡಿದ ಆ ಒಂದು ಮಾತಿಗೂ ಬೆಲೆ ಉಳಿದಿರಲಿಲ್ಲ.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಹೊಲಿಗೆ ಬಿಚ್ಚಿದ ಮೇಲೆ ಅದರ ವರದಿ ಬಂತು. ಚೀಲದಲ್ಲಿ ಗಂಟಿಲ್ಲ, ಹುಣ್ಣಿಲ್ಲ, ಕ್ಯಾನ್ಸರೂ ಅಲ್ಲ. "ಏನೂ ಇಲ್ಲಂತ! ಚಿಂತಿ ಹರೀತು" ಎಂದು ನಮ್ಮ ಮನೆಯವರು ಪೇಡೆ ತಂದರು. ನಾನು ಗೋಡೆಯ ಕಡೆಗೆ ತಿರುಗಿ ಮಲಗಿದೆ. ಏನೂ ಇಲ್ಲದ್ದನ್ನು ತೆಗೆದಿದ್ದರು. ಇದ್ದದ್ದು ಎಲ್ಲಿತ್ತೋ ಅಲ್ಲೇ ಇತ್ತು.

ರಕ್ತ ಹೋಗುವುದು ನಿಂತಿತು, ಸುಳ್ಳು ಯಾಕೆ ಹೇಳಲಿ. ಉಳಿದದ್ದೆಲ್ಲ ಹಾಗೇ ಇದೆ. ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಚಿಮಟಿಗೆ ಈಗಲೂ ದಿಂಬಿನ ಕೆಳಗಿದೆ. ಎರಡನೇ ದಿನ ಎನ್ನುವುದು ಮಾತ್ರ ನನಗೆ ಇನ್ನು ಬರುವುದಿಲ್ಲ.

ಈ ವರ್ಷ ಮಗಳು ತಾನೇ ಬಾಯಿ ಬಿಟ್ಟಳು. ಹಬ್ಬ ಹೋಗಿ ಹಬ್ಬ ಬಂದರೂ ಅವಳಿಗೆ ಆಗಿರಲಿಲ್ಲ. ಯಾದಗಿರಿಯ ಅದೇ ದವಾಖಾನೆಗೆ ಕರೆದುಕೊಂಡು ಹೋದೆ. ಅತ್ತೆ ಬಸ್ಸು ಹತ್ತಿದರು, ಆದರೆ ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟರು. "ನಾ ಒಳಗ ಬರಂಗಿಲ್ಲ. ನೀವು ಹೋಗ್ರಿ."

ಹೊಸ ಡಾಕ್ಟರು ಮಗಳನ್ನು ನೋಡಿದರು. ಅವಳ ತುಟಿ, ಅವಳ ಕುತ್ತಿಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಮನ್ಯಾಗ ಯಾರಿಗರ ಹಿಂಗ ಇತ್ತೇನ್ರಿ?"

"ನನಗ ಇತ್ರಿ."

"ನಿಮಗ ಏನಂತ ಹೇಳಿದ್ರು?"

ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಲೆಂದೇ ನಾನು ಇಷ್ಟು ವರ್ಷ ಅಲೆದದ್ದು. "ಚೀಲ ತಗದಾರ್ರಿ" ಎಂದೆ.

"ಅದಲ್ಲರಿ, ಯಾಕ ತಗದ್ರು? ಏನಿತ್ತು?"

ಮಗಳು ನನ್ನ ಮುಖ ನೋಡಿದಳು. ನಾನು ತೊಡೆಯ ಮೇಲಿನ ಕೈಚೀಲ ನೋಡಿದೆ. ಅವಳೇ ಹೇಳಿದಳು: "ನಮ್ಮವ್ವಗ ಯಾರೂ ಹೇಳಿಲ್ರಿ."

ಡಾಕ್ಟರು ತಲೆಯಾಡಿಸಿ ಬರೆದರು. ಹೊರಗೆ ಚೀಟಿ ಕೊಡುವ ನರ್ಸಬಾಯಿ ಅದೇ ಹಳಬಳು, ನನ್ನ ಗುರುತು ಹತ್ತಲಿಲ್ಲ ಅವಳಿಗೆ. "ಎರಡನೇ ದಿನ ಬರ್ರಿ" ಎಂದಳು ಮಗಳಿಗೆ.

ಗೇಟಿನಲ್ಲಿ ಅತ್ತೆ ಎದ್ದು ನಿಂತಿದ್ದರು. ಏನೆಂದರು ಎಂದು ಕೇಳಲಿಲ್ಲ. ಮೊಮ್ಮಗಳೇ ಹೇಳಿದಳು: "ತಾನಾಗೇ ಬರ್ಬೇಕಂತ, ಅಜ್ಜಿ."

ಅತ್ತೆ ಸೆರಗಿನ ಗಂಟು ಬಿಚ್ಚಿ ಅವಳ ಮುಂದೆ ಹಿಡಿದರು. ಎರಡು ಎಲೆ, ಒಂದಿಷ್ಟು ಅಡಿಕೆ ಚೂರು, ಅಷ್ಟೇ. ಅದನ್ನು ನನಗೂ ತೋರಿಸಿ, ಮತ್ತೆ ಗಂಟು ಹಾಕಿಕೊಂಡು, ನಮ್ಮಿಬ್ಬರಿಗಿಂತ ಮುಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.